ಐವತ್ತಾರು ದಿನಗಳ ಲೆಕ್ಕ

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾಯಿಲೆ ಯಾಕೆ ಬಂತು ಎಂದು ಕೇಳುವವರು ಕಡಿಮೆ. ಹೆಚ್ಚಿನವರು ಕೇಳುವುದು ಸಂಖ್ಯೆಗಳನ್ನು. ಆರ್.ಟಿ. ನಗರದ ಓದುಗರೊಬ್ಬರ ತಾಯಿಗೆ ಒಂದು ಆಸ್ಪತ್ರೆಯಲ್ಲಿ ಹೊರಗಿನಿಂದ 25, ಒಳಗಿನಿಂದ 4 ಸಿಟಿಂಗ್ ರೇಡಿಯೇಷನ್ ಎಂದಿದ್ದಾರೆ. ಎರಡನೆಯ ಅಭಿಪ್ರಾಯಕ್ಕೆ ಹೋದ ಕಡೆ 25 ಮತ್ತು 2 ಎಂದಿದ್ದಾರೆ. ಒಬ್ಬರು ದುಡ್ಡಿಗಾಗಿ ಎರಡು ಹೆಚ್ಚಿಸಿದರೋ, ಇನ್ನೊಬ್ಬರು ಅಸಡ್ಡೆಯಿಂದ ಎರಡು ಕಡಿಮೆ ಮಾಡಿದರೋ ಎಂಬುದು ಮಗನ ಅನುಮಾನ. ಯಲಹಂಕ ಉಪನಗರದ ಇನ್ನೊಬ್ಬರ ಅತ್ತೆಯ ಚೀಟಿಯಲ್ಲಿ 28 ಮತ್ತು 3 ಎಂದಿದೆ. ಗೌರಿಬಿದನೂರು ಕಡೆಯ ಹೆಂಗಸೊಬ್ಬರು ಓಪಿಡಿಯಲ್ಲಿ ನನ್ನ ಎದುರು ಕೂತು ಕೇಳಿದ್ದು ಹೀಗೆ: "ಡಾಕ್ಟ್ರಮ್ಮ, ನಮ್ಮ ನಾದಿನಿಗೆ ಎದೆ ಗಡ್ಡೆಗೆ ಹದಿನೈದೇ ದಿನಕ್ಕೆ ಕರೆಂಟು ಮುಗಿಸಿ ಕಳಿಸವ್ರೆ. ನಂಗ್ಯಾಕೆ ಎರಡು ತಿಂಗಳು?"

ಈ ಹೋಲಿಕೆ ಹುಟ್ಟಿರುವುದು ಆಯ್ಕೆ ಇರುವುದರಿಂದ. 1973ರಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಶುರುವಾದ ಮೇಲೆ ಬಹುಕಾಲ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ರೇಡಿಯೇಷನ್ ಎಂದರೆ ಊರು ದಾಟಿ, ನಗರದ ಇನ್ನೊಂದು ತುದಿಗೆ, ನಿಮ್ಹಾನ್ಸ್ ಪಕ್ಕದ ಆ ಆವರಣಕ್ಕೆ ಹೋಗುವುದೇ ಆಗಿತ್ತು. ಈಗ ಯಶವಂತಪುರದ ಹತ್ತಿರ ಎಂ.ಎಸ್. ರಾಮಯ್ಯ ಇದೆ, ಯಲಹಂಕದಲ್ಲಿ ಸೈಟ್‌ಕೇರ್ ಇದೆ, ಹೆಬ್ಬಾಳದ ಆಸುಪಾಸಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಕಿದ್ವಾಯಿ ಇಂದಿಗೂ ಬಡವರ ಮೊದಲ ಬಾಗಿಲು. ಒಂದೇ ಬೀದಿಯ ಇಬ್ಬರು ಹೆಂಗಸರು ಎರಡು ಆಸ್ಪತ್ರೆಗಳಿಗೆ ಹೋಗಿ, ಸಂಜೆ ಜಗಲಿಯ ಮೇಲೆ ಕೂತು ಚೀಟಿ ಪಕ್ಕಕ್ಕೆ ಚೀಟಿ ಇಟ್ಟು ನೋಡಿದರೆ ಸಂಖ್ಯೆಗಳು ಹೊಂದುವುದಿಲ್ಲ. ಆಗ ಭಯ ಶುರುವಾಗುತ್ತದೆ. ಆ ಭಯ ಸಹಜ, ಉತ್ತರ ಕೊಡುವುದು ನಮ್ಮ ಕೆಲಸ.

ಕಿದ್ವಾಯಿಯಲ್ಲಿ 1982ರಿಂದ ನಡೆದುಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ, ಒಂದು ಕಾಲಕ್ಕೆ ಇಲ್ಲಿನ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದ ಈ ಕ್ಯಾನ್ಸರ್ ಇಳಿಯುತ್ತ ಬಂದು ಸ್ತನ ಕ್ಯಾನ್ಸರಿಗೆ ಆ ಜಾಗ ಬಿಟ್ಟಿದೆ. ಇಳಿದಿದೆಯೇ ಹೊರತು ಹೋಗಿಲ್ಲ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಹೊಸದಾಗಿ ಈ ಕಾಯಿಲೆ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ನಮ್ಮಲ್ಲಿಗೆ ಬರುವವರಲ್ಲಿ ಬಹುತೇಕರಿಗೆ ಗಡ್ಡೆ ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ದಾಟಿ ಅಕ್ಕಪಕ್ಕಕ್ಕೆ ಹರಡಿರುತ್ತದೆ. ಆ ಹಂತದಲ್ಲಿ ಕತ್ತಿ ಹಾಕಿ ಫಲವಿಲ್ಲ, ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಇದನ್ನು ಮೊದಲೇ ಹೇಳಬೇಕು. "ಆಪರೇಷನ್ ಮಾಡಕ್ಕೆ ಆಗಲ್ಲ ಅಂದ್ರು" ಎಂಬ ಮಾತನ್ನು ಮನೆಯವರು ಕೈಬಿಟ್ಟರು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಮೂರನೇ ಹಂತದಲ್ಲಿ ಬಂದವರನ್ನೂ ಪೂರ್ತಿ ವಾಸಿ ಮಾಡುವ ಗುರಿಯಿಂದಲೇ ನಾವು ರೇಡಿಯೇಷನ್ ಕೊಡುತ್ತೇವೆ.

ಹೊರಗಿನ ರೇಡಿಯೇಷನ್ನಿನ ಲೆಕ್ಕ ಸುಲಭ. ರೇಡಿಯೇಷನ್ನಿನ ಅಳತೆಗೆ ಗ್ರೇ ಎಂದು ಹೆಸರು. ಗರ್ಭಕೋಶ, ಅದರ ಇಕ್ಕೆಲ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳು ಇಷ್ಟಕ್ಕೂ ಸೇರಿ 45ರಿಂದ 50 ಗ್ರೇ ಬೇಕು. ದಿನಕ್ಕೆ 1.8ರಂತೆ 45 ಕೊಟ್ಟರೆ 25 ದಿನ. ದಿನಕ್ಕೆ 2ರಂತೆ 50 ಕೊಟ್ಟರೂ 25 ದಿನ. 1.8ರಂತೆ 50.4 ಕೊಟ್ಟರೆ 28 ದಿನ. ಯಲಹಂಕದ ಅತ್ತೆಯ 28ಕ್ಕೂ ಆರ್.ಟಿ. ನಗರದ ತಾಯಿಯ 25ಕ್ಕೂ ಇರುವ ವ್ಯತ್ಯಾಸ ಇಷ್ಟೇ. ಒಂದೇ ದಿನ 45 ಗ್ರೇ ಸುರಿದರೆ ಗಡ್ಡೆಯ ಜೊತೆ ಕರುಳೂ ಸುಟ್ಟುಹೋಗುತ್ತದೆ. ಸ್ವಲ್ಪ ಸ್ವಲ್ಪ ಕೊಟ್ಟಾಗ ಆರೋಗ್ಯವಾಗಿರುವ ಕೋಶಗಳು ಮರುದಿನದ ಹೊತ್ತಿಗೆ ತಮ್ಮ ಪೆಟ್ಟನ್ನು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟಾಗಿ ಕೈಲಾಗುವುದಿಲ್ಲ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಡ್ರಿಪ್. ಹಲವು ಅಧ್ಯಯನಗಳ ಫಲಿತಾಂಶ ಒಟ್ಟಿಗೆ ಬಂದಾಗ, 1999ರಲ್ಲಿ, ಇದನ್ನು ಸೇರಿಸುವುದನ್ನು ಗಂಭೀರವಾಗಿ ಪರಿಗಣಿಸಬೇಕು ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವೈದ್ಯರಿಗೆ ತಿಳಿಸಿತು. ನಮ್ಮ ಹೆಂಗಸರಿಗೆ, ಅದೂ ಮುಂದುವರಿದ ಹಂತದಲ್ಲಿ, ಇದು ಅನ್ವಯಿಸುತ್ತದೆಯೇ ಎಂಬ ಸಂದೇಹಕ್ಕೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2018ರಲ್ಲಿ ಉತ್ತರ ಕೊಟ್ಟಿತು. ಮೂರನೇ-ಬಿ ಹಂತದ 850 ಮಹಿಳೆಯರಲ್ಲಿ ಐದು ವರ್ಷದ ಬಳಿಕ ಬದುಕಿದ್ದವರು ರೇಡಿಯೇಷನ್ ಮಾತ್ರ ಪಡೆದ ಗುಂಪಿನಲ್ಲಿ ಶೇ 46, ಸಿಸ್‌ಪ್ಲಾಟಿನ್ ಸೇರಿಸಿದ ಗುಂಪಿನಲ್ಲಿ ಶೇ 54.

ಇನ್ನು ನಾದಿನಿಯ ಹದಿನೈದು ದಿನ. ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಇದರೊಳಗೆ ರೇಡಿಯೇಷನ್ ವಿಜ್ಞಾನದ ಅರ್ಧ ಪಾಠ ಇದೆ. ಸ್ತನ ಕ್ಯಾನ್ಸರಿಗೆ 50 ಗ್ರೇಯನ್ನು 25 ದಿನ ಕೊಡುವ ಬದಲು 40 ಗ್ರೇಯನ್ನು 15 ದಿನದಲ್ಲಿ ಮುಗಿಸಿದರೂ ಫಲ ಅಷ್ಟೇ ಚೆನ್ನಾಗಿರುತ್ತದೆ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನಗಳು ತೋರಿಸಿವೆ. 2020ರಲ್ಲಿ ಅದೇ ದೇಶದವರು ಐದೇ ದಿನದಲ್ಲಿ 26 ಗ್ರೇ ಕೊಟ್ಟು ಅದೂ ಸಾಕಾಗುತ್ತದೆ ಎಂದರು. ಇದು ಸಾಧ್ಯವಾಗುವುದು ಸ್ತನ ಕ್ಯಾನ್ಸರಿನ ಕೋಶಗಳ ಗುಣದಿಂದ. ದಿನದ ಡೋಸ್ ಹೆಚ್ಚಿಸಿದರೆ ಅವಕ್ಕೆ ಬೀಳುವ ಪೆಟ್ಟೂ ಚೆನ್ನಾಗಿ ಹೆಚ್ಚುತ್ತದೆ. ಗರ್ಭಕಂಠದ ಕ್ಯಾನ್ಸರ್ ಕೋಶಗಳಿಗೆ ದಿನದ ಡೋಸ್ ಹೆಚ್ಚಿಸಿ ಸಿಗುವ ಲಾಭ ಕಡಿಮೆ. ಅದೇ ಹೆಚ್ಚಿದ ಡೋಸ್ ಪಕ್ಕದಲ್ಲಿರುವ ಕರುಳು, ಮೂತ್ರಕೋಶ, ಗುದನಾಳಗಳಿಗೆ ವರ್ಷಗಳ ನಂತರ ಕಾಣಿಸಿಕೊಳ್ಳುವ ತೊಂದರೆಯನ್ನು ಮಾತ್ರ ಹೆಚ್ಚಿಸುತ್ತದೆ. ಎದೆಯ ಗೋಡೆಯ ಹತ್ತಿರ ಕರುಳಿಲ್ಲ, ಕಿಬ್ಬೊಟ್ಟೆಯ ತುಂಬ ಕರುಳೇ.

ಬೇರೆ ಬೇರೆ ವೇಳಾಪಟ್ಟಿಗಳನ್ನು ಹೋಲಿಸಲು ನಾವು ಎಲ್ಲವನ್ನೂ "ದಿನಕ್ಕೆ 2 ಗ್ರೇ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು" ಎಂಬ ಲೆಕ್ಕಕ್ಕೆ ಇಳಿಸುತ್ತೇವೆ. ಹಾಗೆ ಇಳಿಸಿದಾಗ 25 ದಿನದ 45 ಗ್ರೇ ಗಡ್ಡೆಯ ಮಟ್ಟಿಗೆ 44ರಷ್ಟು, ಕರುಳಿನ ಮುಂದಿನ ತೊಂದರೆಯ ಮಟ್ಟಿಗೆ 43ರಷ್ಟು. 15 ದಿನದ 40 ಗ್ರೇ ಗಡ್ಡೆಗೆ 42, ಕರುಳಿಗೆ 45. ಅಂದರೆ ತೂಕ ತಪ್ಪು ಕಡೆಗೆ ವಾಲುತ್ತದೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಎರಡು ವಾರ ಮುಂಚೆ ಮುಗಿಯುವುದರಿಂದ ಗಡ್ಡೆಗೆ ಮತ್ತೆ ಬೆಳೆಯಲು ಸಮಯ ಸಿಗುವುದಿಲ್ಲ, ಆ ಲಾಭ ಈ ನಷ್ಟವನ್ನು ತುಂಬಿಕೊಡಬಹುದು ಎಂಬ ವಾದ ಗಟ್ಟಿಯಾಗಿದೆ. ಕೆಲವು ದೇಶಗಳಲ್ಲಿ ಇದರ ಅಧ್ಯಯನ ನಡೆಯುತ್ತಿದೆ. ಫಲಿತಾಂಶ ಒಳ್ಳೆಯದಾಗಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಕೂಲಿ ಬಿಟ್ಟು ಬರುವ ಹೆಂಗಸಿಗೆ ಎರಡು ವಾರ ಸಣ್ಣ ಮಾತಲ್ಲ. ಆದರೆ ಅಧ್ಯಯನದ ಹೊರಗೆ, "ನಮ್ಮಮ್ಮನಿಗೂ ಹದಿನೈದೇ ಕೊಡಿ" ಎಂದು ಒತ್ತಾಯಿಸುವುದು ಇವತ್ತಿಗೆ ಸರಿಯಲ್ಲ. ವಾಸಿಯಾಗುವ ಕಾಯಿಲೆಯಲ್ಲಿ ಅಂದಾಜಿನ ಮೇಲೆ ಹೆಜ್ಜೆ ಇಡಬಾರದು.

ಇಲ್ಲಿಯವರೆಗೆ ಹೇಳಿದ್ದು ಚಿಕಿತ್ಸೆಯ ಅರ್ಧ. ಈ ಗಡ್ಡೆ ಸಾಯಲು 85 ಗ್ರೇಯ ಆಸುಪಾಸು ಬೇಕು. ಹೊರಗಿನಿಂದ ಅಷ್ಟು ಕೊಡಲು ಹೋದರೆ ಕರುಳು ತಡೆಯುವುದಿಲ್ಲ. ಉಳಿದ 40ನ್ನು ಒಳಗಿನಿಂದ ಕೊಡಬೇಕು. ಅದೇ ಬ್ರೇಕಿಥೆರಪಿ, ಒಳಗಿನ ರೇಡಿಯೇಷನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಥವಾ ಮಂಪರು ಬರಿಸಿ, ಯೋನಿ ಮಾರ್ಗವಾಗಿ ಗರ್ಭಕೋಶದೊಳಗೆ ತೆಳುವಾದ ಕೊಳವೆಯೊಂದನ್ನು, ಗರ್ಭಕಂಠದ ಎರಡು ಬದಿಗೆ ಇನ್ನೆರಡನ್ನು ಅಥವಾ ಒಂದು ಉಂಗುರವನ್ನು ಕೂರಿಸುತ್ತೇವೆ. ಮೂತ್ರಕೋಶವನ್ನೂ ಗುದನಾಳವನ್ನೂ ದೂರ ತಳ್ಳಲು ಗಾಜ್ ಬಟ್ಟೆ ತುರುಕುತ್ತೇವೆ. ಕೊಳವೆ ಇರುವಂತೆಯೇ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿ ಲೆಕ್ಕ ಹಾಕುತ್ತೇವೆ. ಆಮೇಲೆ ತಂತಿಯ ತುದಿಯಲ್ಲಿರುವ ಇರಿಡಿಯಂ-192ರ ಪುಟ್ಟ ತುಣುಕನ್ನು ಯಂತ್ರ ಕೊಳವೆಯೊಳಗೆ ಕಳಿಸಿ, ಒಂದೊಂದು ಜಾಗದಲ್ಲಿ ಇಷ್ಟಿಷ್ಟು ಸೆಕೆಂಡು ನಿಲ್ಲಿಸಿ ವಾಪಸ್ ಎಳೆದುಕೊಳ್ಳುತ್ತದೆ. ಕೋಣೆಯಲ್ಲಿ ಆಕೆ ಒಬ್ಬಳೇ ಇರುತ್ತಾಳೆ. ಕ್ಯಾಮೆರಾದಲ್ಲಿ ನಾವು ನೋಡುತ್ತಿರುತ್ತೇವೆ, ಮಾತಾಡಿಸುತ್ತಿರುತ್ತೇವೆ. ತುಣುಕು ಪೆಟ್ಟಿಗೆಗೆ ಮರಳಿದ ಕ್ಷಣದಿಂದ ಆಕೆಯ ಮೈಯಲ್ಲಿ ರೇಡಿಯೇಷನ್ ಏನೂ ಉಳಿದಿರುವುದಿಲ್ಲ. ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. "ಪಾತ್ರೆ ಬೇರೆ ಇಡಬೇಕಾ?" ಎಂದು ಸೊಸೆಯಂದಿರು ಇವತ್ತಿಗೂ ಕೇಳುತ್ತಾರೆ. ಬೇಡ.

ಒಳಗಿನಿಂದ ಕೊಡುವುದರ ಗುಟ್ಟು ದೂರದಲ್ಲಿದೆ. ರೇಡಿಯೇಷನ್ನಿನ ಕಣದಿಂದ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಸಿಗುತ್ತದೋ ಎರಡು ಸೆಂಟಿಮೀಟರಿನಲ್ಲಿ ಸರಿಸುಮಾರು ಅದರ ಕಾಲು ಭಾಗ. ಗಡ್ಡೆಯ ಎದೆಗೇ ಹೋಗಿ ಕೂತ ಆ ತುಣುಕು ಗಡ್ಡೆಗೆ ವಿಪರೀತ ಕೊಟ್ಟು ಕರುಳಿಗೆ ಅಲ್ಪ ಕೊಡುತ್ತದೆ. ಯಾವ ಆಧುನಿಕ ಯಂತ್ರಕ್ಕೂ ಹೊರಗಿನಿಂದ ಇದನ್ನು ಪೂರ್ತಿ ಅನುಕರಿಸಲು ಬಂದಿಲ್ಲ.

2, 3, 4, 5 ಎಂಬ ಗೊಂದಲ ಹುಟ್ಟುವುದು ಇಲ್ಲೇ. ಒಂದು ಸಲಕ್ಕೆ 7 ಗ್ರೇಯಂತೆ ನಾಲ್ಕು, 6ರಂತೆ ಐದು, 7ರಂತೆ ಮೂರು, 9ರಂತೆ ಎರಡು, ಇವೆಲ್ಲ ಚಾಲ್ತಿಯಲ್ಲಿರುವ ಕ್ರಮಗಳು. ಮೇಲಿನ ಲೆಕ್ಕಕ್ಕೆ ಇಳಿಸಿ ನೋಡಿ. 7ರ ನಾಲ್ಕು ಗಡ್ಡೆಗೆ ಸುಮಾರು 40. 6ರ ಐದೂ 40. 7ರ ಮೂರು ಸುಮಾರು 30. 9ರ ಎರಡು ಇಪ್ಪತ್ತೆಂಟೂವರೆ. ಹಾಗಾಗಿಯೇ ಎರಡು ಅಥವಾ ಮೂರು ಕೊಡುವ ಕಡೆ ಹೊರಗಿನದನ್ನು 45ರ ಬದಲು 50 ಕೊಡುವುದು ಸಾಮಾನ್ಯ. 50ಕ್ಕೆ ಇಪ್ಪತ್ತೆಂಟೂವರೆ ಸೇರಿ ಎಪ್ಪತ್ತೆಂಟೂವರೆ. 45ರ ಜೊತೆ 7ರ ನಾಲ್ಕು ಸೇರಿದರೆ 84.

ಹಾಗಾದರೆ ಎರಡು ಸಲ ಕೊಟ್ಟವರು ಕಡಿಮೆ ಕೊಟ್ಟರೇ? ಅಷ್ಟು ಬೇಗ ತೀರ್ಮಾನಿಸಬೇಡಿ. ಈ ಸಂಖ್ಯೆ ಕೊಳವೆಯಿಂದ ಒಂದು ನಿಗದಿತ ದೂರದಲ್ಲಿ ಸಿಗುವ ಡೋಸ್. 1938ರಲ್ಲಿ ಮ್ಯಾಂಚೆಸ್ಟರಿನವರು ಗೊತ್ತುಮಾಡಿದ "ಎ ಬಿಂದು" ಎಂಬ ಜಾಗ ಅದು. ಐದು ವಾರದ ಹೊರಗಿನ ರೇಡಿಯೇಷನ್ನಿಗೆ ಕರಗಿ ಗಡ್ಡೆ ಸಣ್ಣದಾಗಿದ್ದರೆ ಅದು ಆ ಬಿಂದುವಿನ ಒಳಗೇ ಇರುತ್ತದೆ. ಒಳಗಿರುವುದಕ್ಕೆ ಆ ಸಂಖ್ಯೆಗಿಂತ ಎಷ್ಟೋ ಹೆಚ್ಚು ಸಿಕ್ಕಿರುತ್ತದೆ. ಅಂಥವರಿಗೆ 9ರ ಎರಡು ಸಾಕಾಗುತ್ತದೆ ಎಂಬುದು ನಮ್ಮ ದೇಶದ ಅನೇಕ ವೈದ್ಯರ ಅನುಭವ, ನನ್ನದೂ. ಅರಿವಳಿಕೆ ಎರಡೇ ಸಲ, ಊರಿನಿಂದ ಬರುವುದು ಎರಡೇ ಸಲ, ಓಟಿ ಪಾಳಿಯೂ ಚಿಕ್ಕದು. ರೋಗಿಗಳು ಸಾಲುಗಟ್ಟಿ ನಿಂತಿರುವ ದೇಶದಲ್ಲಿ ಇವು ನಿಜವಾದ ಕಾರಣಗಳು, ಇವನ್ನು ಅಸಡ್ಡೆ ಎನ್ನಬಾರದು. ಗಡ್ಡೆ ಇನ್ನೂ ದೊಡ್ಡದಾಗಿ ಉಳಿದಿದ್ದರೆ, ಪಕ್ಕದ ಗೋಡೆಯತ್ತ ಚಾಚಿಕೊಂಡಿದ್ದರೆ ಆಗ ನಾನು ಎರಡಕ್ಕೆ ಒಪ್ಪುವುದಿಲ್ಲ. ಒಂದು ಸಲದ ಡೋಸ್ 9ಕ್ಕೆ ಏರಿದಷ್ಟೂ ಮೂತ್ರಕೋಶ, ಗುದನಾಳಗಳ ತಾಳಿಕೆ ಬೇಗ ಮುಗಿಯುತ್ತದೆ, ಗಡ್ಡೆಯ ಅಂಚಿಗೆ ಸಾಕಷ್ಟು ತಲುಪಿಸಲು ಜಾಗವೇ ಉಳಿಯುವುದಿಲ್ಲ. ಅಲ್ಲಿ ನಾಲ್ಕು ಸಲ, ಕೆಲವೊಮ್ಮೆ ಪಕ್ಕಕ್ಕೆ ಸೂಜಿಗಳನ್ನೂ ಸೇರಿಸಿ ಕೊಡಬೇಕು. ಎಂ.ಆರ್.ಐ. ನೋಡಿಕೊಂಡು ಹೀಗೆ ಒಬ್ಬೊಬ್ಬರಿಗೂ ಅಳೆದು ಕೊಟ್ಟ ಎಂಬ್ರೇಸ್ ಅಧ್ಯಯನದಲ್ಲಿ ಐದು ವರ್ಷದ ನಂತರವೂ ಶೇ 92ರಷ್ಟು ಮಂದಿಯಲ್ಲಿ ಗಡ್ಡೆ ಅದೇ ಜಾಗದಲ್ಲಿ ಮರಳಿರಲಿಲ್ಲ. ಇದು 2021ರಲ್ಲಿ ಪ್ರಕಟವಾಯಿತು.

ನಾಲ್ಕು ಎಂದ ಕೂಡಲೇ ನಾಲ್ಕು ಸಲ ಓಟಿಗೆ ಹೋಗಬೇಕು ಎಂದು ಹೆದರುವವರಿಗೆ ಒಂದು ಮಾತು. ಒಂದು ಸಲ ಕೊಳವೆ ಕೂರಿಸಿ, ಕನಿಷ್ಠ ಆರು ಗಂಟೆ ಬಿಟ್ಟು ಅಥವಾ ರಾತ್ರಿ ಉಳಿಸಿಕೊಂಡು ಬೆಳಗ್ಗೆ, ಎರಡು ಡೋಸ್ ಕೊಡುವ ಪದ್ಧತಿ ಇದೆ. ನಾಲ್ಕು ಡೋಸ್, ಎರಡೇ ಅರಿವಳಿಕೆ. ಇನ್ನೊಂದು, ನಿಮಿಷಗಳನ್ನು ಹೋಲಿಸಬೇಡಿ. ಇರಿಡಿಯಂನ ಶಕ್ತಿ ಸುಮಾರು 74 ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ. ಹೊಸ ತುಣುಕು ಬಂದ ವಾರ ಆರು ನಿಮಿಷಕ್ಕೆ ಮುಗಿದದ್ದು ಎರಡೂವರೆ ತಿಂಗಳ ಮೇಲೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಡೋಸ್ ಅದೇ.

ಕೆಲವು ಚೀಟಿಗಳನ್ನು ಹೋಲಿಸಲೇಬಾರದು. ಗರ್ಭಕೋಶ ತೆಗೆದ ಮೇಲೆ ಮುನ್ನೆಚ್ಚರಿಕೆಗೆ ರೇಡಿಯೇಷನ್ ಪಡೆಯುವವರಿಗೆ 25ರ ಬಳಿಕ ಯೋನಿಯ ಮೇಲ್ತುದಿಗೆ ಮಾತ್ರ ಎರಡು ಸಲ ಒಳಗಿನಿಂದ ಕೊಡುತ್ತಾರೆ. ಅವರ "ಎರಡು" ಬೇರೆ, ಇವರ "ಎರಡು" ಬೇರೆ. ಕಾಯಿಲೆ ಮೈಯೆಲ್ಲ ಹರಡಿ, ನಿಲ್ಲದ ರಕ್ತಸ್ರಾವಕ್ಕೋ ನೋವಿಗೋ ಒಂದೇ ದಿನ ಅಥವಾ ಐದು ದಿನ ಕೊಡುವ ರೇಡಿಯೇಷನ್ನಿನ ಗುರಿ ಆರಾಮ ಕೊಡುವುದು. ಅದನ್ನು ಕಂಡು "ಇವರಿಗೆ ಒಂದರಲ್ಲೇ ಮುಗೀತು" ಎನ್ನುವುದು ಆ ಮನೆಯವರಿಗೂ ನೋವು, ನಿಮಗೂ ದಾರಿ ತಪ್ಪಿಸುವ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ವೇಳಾಪಟ್ಟಿ ಯಾವುದಾದರೂ ಇರಲಿ, ಹೊರಗಿನ ಮೊದಲ ದಿನದಿಂದ ಒಳಗಿನ ಕೊನೆಯ ದಿನದವರೆಗೆ ಎಂಟು ವಾರ ಮೀರಬಾರದು. ಐವತ್ತಾರು ದಿನ. ಅರ್ಧ ಸತ್ತ ಗಡ್ಡೆಯಲ್ಲಿ ಉಳಿದ ಕೋಶಗಳು ಕೆಲ ವಾರಗಳ ಬಳಿಕ ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಅವಧಿ ಮೀರಿದ ಪ್ರತಿ ದಿನಕ್ಕೂ ಕಿಬ್ಬೊಟ್ಟೆಯೊಳಗೆ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಶೇ 1ರಷ್ಟು ಇಳಿಯುತ್ತದೆ ಎಂದು 1990ರ ದಶಕದ ಅಧ್ಯಯನಗಳೇ ಹೇಳಿದ್ದವು. ಒಂದು ವಾರ ತಡವಾದರೆ 5 ಗ್ರೇ ಕಳೆದುಕೊಂಡಂತೆ ಎಂದು ಯುರೋಪಿನವರು 2016ರಲ್ಲಿ ಲೆಕ್ಕ ಕೊಟ್ಟರು. ಎರಡೋ ನಾಲ್ಕೋ ಎಂದು ಮೂರು ಆಸ್ಪತ್ರೆ ಸುತ್ತುವ ಮನೆಯವರು ಒಂದು ಹಬ್ಬಕ್ಕೆ ಹತ್ತು ದಿನ ಬಿಟ್ಟು ಬರುವುದನ್ನು ಯೋಚಿಸುವುದೇ ಇಲ್ಲ. ನಾಲ್ಕನ್ನು ಎಪ್ಪತ್ತು ದಿನಕ್ಕೆ ಎಳೆದು ಮುಗಿಸಿದವರಿಗಿಂತ ಮೂರನ್ನು ಐವತ್ತು ದಿನದಲ್ಲಿ ಮುಗಿಸಿದವರು ಎಷ್ಟೋ ಸಲ ಮೇಲು.

ಕ್ಯಾಲೆಂಡರ್ ತೆಗೆದುಕೊಂಡು ನೋಡಿ. ಸೋಮವಾರ ಶುರುವಾಗಿ ಒಂದು ದಿನವೂ ತಪ್ಪದೆ ನಡೆದರೆ 25ನೇ ಸಿಟಿಂಗ್ ಮುಗಿಯುವುದು 33ನೇ ದಿನ, ಶುಕ್ರವಾರ. ಮುಂದಿನ ಸೋಮವಾರದಿಂದ ವಾರಕ್ಕೊಂದರಂತೆ ಒಳಗಿನದು ಕೊಟ್ಟರೆ 36, 43, 50, 57. ಎಲ್ಲವೂ ಸರಿಯಾಗಿ ನಡೆದರೂ ಒಂದು ದಿನ ಮೀರಿತು! ನಡುವೆ ದಸರಾ ಬಂದರೆ, ದೀಪಾವಳಿ ಬಂದರೆ, ಮೆಷಿನ್ ಎರಡು ದಿನ ಕೆಟ್ಟರೆ, ರಕ್ತ ಕಡಿಮೆಯಾಗಿ ಒಂದು ವಾರ ಕೂತರೆ ಲೆಕ್ಕ ಅರವತ್ತೈದಕ್ಕೆ ಹೋಗಿರುತ್ತದೆ. ಆದ್ದರಿಂದ ಗಡ್ಡೆ ಕರಗುತ್ತಿದ್ದರೆ ಐದನೇ ವಾರದಲ್ಲೇ ಮೊದಲ ಒಳಗಿನ ಡೋಸ್ ಕೊಡಬೇಕು, ಇಲ್ಲವೇ ವಾರಕ್ಕೆ ಎರಡು ಕೊಡಬೇಕು. ರಜೆಗೆ ಬದಲಾಗಿ ಶನಿವಾರ ಕೊಡಬಹುದು, ಅಥವಾ ಒಂದೇ ದಿನ ಆರು ಗಂಟೆಯ ಅಂತರದಲ್ಲಿ ಎರಡು ಸಲ ಕೊಡಬಹುದು. ಇದನ್ನು ಆಸ್ಪತ್ರೆಯೇ ಮಾಡಬೇಕು. ಮಾಡದಿದ್ದರೆ ಕೇಳುವ ಹಕ್ಕು ರೋಗಿಗಿದೆ, ಸಂಕೋಚ ಬೇಡ. ಮೊದಲ ದಿನವೇ ಹೊರಗಿನ ಕೊನೆಯ ತಾರೀಕನ್ನೂ ಒಳಗಿನ ಮೊದಲ ತಾರೀಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡುವುದು ಎಲ್ಲ ಆಸ್ಪತ್ರೆಗಳ ನಿಯಮವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಡವಾಗುವ ಕಾರಣಗಳಲ್ಲಿ ನನ್ನನ್ನು ಹೆಚ್ಚು ಕಾಡುವುವು ಎರಡು. ಹೊರಗಿನ ರೇಡಿಯೇಷನ್ ಯಂತ್ರ ಇದ್ದು ಒಳಗಿನದು ಇಲ್ಲದ ಆಸ್ಪತ್ರೆಗಳಿವೆ. 25 ಮುಗಿದ ಮೇಲೆ "ಇನ್ನು ಒಳಗಿಂದು ಬೇರೆ ಕಡೆ ಮಾಡಿಸ್ಕೊಳಿ" ಎಂದು ಕಾಗದ ಕೊಟ್ಟಾಗ, ಆ ಬೇರೆ ಕಡೆ ಹೋಗಿ ಚೀಟಿ ಮಾಡಿಸಿ, ಸರ್ಕಾರಿ ಆರೋಗ್ಯ ಯೋಜನೆಯ ಒಪ್ಪಿಗೆ ಪಡೆದು, ಪಾಳಿ ಹಿಡಿಯುವಷ್ಟರಲ್ಲಿ ಮೂರು ವಾರ ಕಳೆದಿರುತ್ತದೆ. ಚಿಕಿತ್ಸೆ ಶುರುವಾಗುವ ಮುಂಚೆ "ಒಳಗಿನದು ಇಲ್ಲೇ ಮಾಡ್ತೀರಾ?" ಎಂದು ಕೇಳಿ. ಇಲ್ಲ ಎಂದರೆ ಎಲ್ಲಿ, ಯಾವ ತಾರೀಕು ಎಂದು ಆಗಲೇ ಬರೆಸಿಕೊಳ್ಳಿ. ಎರಡನೆಯದು, ಹೆಂಗಸರೇ ಬಿಟ್ಟುಹೋಗುವುದು. ಎರಡು ಮೂರು ವಾರಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ, ಬಿಳಿಸೆರಗಿನ ವಾಸನೆ ಹೋಗುತ್ತದೆ, ಊಟ ಸೇರುತ್ತದೆ. ಗುಣವಾಯಿತು ಎನಿಸುತ್ತದೆ. ಊರಲ್ಲಿ ರಾಗಿ ಕುಯ್ಲು, ಮಗಳ ಬಾಣಂತನ. ಜೊತೆಗೆ ಕೊಳವೆ ಹಾಕಿಸಿಕೊಂಡವರು ಹೇಳಿದ ಹೆದರಿಕೆಯ ಕತೆಗಳು. ಅಮೆರಿಕದಂಥ ದೇಶದಲ್ಲೂ 1988ರಲ್ಲಿ ಶೇ 83ರಷ್ಟು ಹೆಂಗಸರಿಗೆ ಸಿಗುತ್ತಿದ್ದ ಒಳಗಿನ ರೇಡಿಯೇಷನ್ 2009ರ ಹೊತ್ತಿಗೆ ಶೇ 58ಕ್ಕೆ ಇಳಿದಿತ್ತು, ಹೊಸ ಹೊಸ ಹೊರ ಯಂತ್ರಗಳ ಮೋಹವೂ ಅದಕ್ಕೊಂದು ಕಾರಣ ಎಂದು ಅಲ್ಲಿನವರೇ ಬರೆದಿದ್ದಾರೆ. ಪಡೆದವರಲ್ಲಿ ನಾಲ್ಕು ವರ್ಷದ ಮೇಲೂ ಈ ಕ್ಯಾನ್ಸರಿಗೆ ಬಲಿಯಾಗದೆ ಉಳಿದವರು ಶೇ 64, ಪಡೆಯದವರಲ್ಲಿ ಶೇ 52. "ಕೊಳವೆ ಬೇಡ, ಅದರ ಬದಲು ಹೊರಗಿನಿಂದಲೇ ಹೈಟೆಕ್ ಬೂಸ್ಟ್ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ, ಕೊಳವೆ ಕೂರಿಸಲು ಸಾಧ್ಯವೇ ಇಲ್ಲದ ಕಾರಣ ಇದೆಯೇ ಎಂದು ಕೇಳಿ. ಕಾರಣ ಇಲ್ಲದಿದ್ದರೆ ಒಪ್ಪಬೇಡಿ.

ಗೌರಿಬಿದನೂರಿನ ಆ ಹೆಂಗಸಿನ ವಿಷಯ ಸ್ವಲ್ಪ ಹೇಳಬೇಕು. ಬೆಳಗಿನ ರೈಲು ಹಿಡಿದು ಯಲಹಂಕಕ್ಕೆ ಬಂದು, ಅಲ್ಲಿಂದ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ದಿನಾ ಬಂದು ಹೋಗಬೇಕಾದ ಈ ಚಿಕಿತ್ಸೆಗೆ ಅದರಿಂದ ಆಗಿರುವ ಉಪಕಾರವನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಸ್ ಚಾರ್ಜಿಗಾಗಿ ಸಿಟಿಂಗ್ ತಪ್ಪಿಸುವುದು ಕಡಿಮೆಯಾಗಿದೆ. ಉಳಿದಿರುವ ಕಷ್ಟ ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ಕಿನದು. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡುವಾಗ ಮೂತ್ರಕೋಶ ದಿನವೂ ಒಂದೇ ಅಳತೆಗೆ ತುಂಬಿರಬೇಕು, ಆಗ ಕರುಳು ಮೇಲಕ್ಕೆ ಸರಿಯುತ್ತದೆ. ಮನೆಯಲ್ಲೇ ನೀರು ಕುಡಿದು ಹೊರಟು ಮೇಲ್ಸೇತುವೆ ಮೇಲೆ ಮುಕ್ಕಾಲು ಗಂಟೆ ನಿಂತವರ ಸಂಕಟ ಹೇಳತೀರದು. ಆಸ್ಪತ್ರೆಗೆ ಬಂದು, ಶೌಚಕ್ಕೆ ಹೋಗಿ, ಆಮೇಲೆ ಹೇಳಿದಷ್ಟು ನೀರು ಕುಡಿದು ಕಾಯಿರಿ. ನಾಲ್ಕನೇ ವಾರದ ಹೊತ್ತಿಗೆ ಭೇದಿ, ಸುಸ್ತು ಶುರುವಾಗುತ್ತದೆ. ಆಗಲಾದರೂ ಹತ್ತಿರ ಒಂದು ಕೋಣೆ, ನೆಂಟರ ಮನೆ, ಧರ್ಮಶಾಲೆ ನೋಡಿಕೊಳ್ಳುವುದು ಒಳ್ಳೆಯದು. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿಯದಂತೆ ವಾರವಾರ ನೋಡಿಸಿ, ರಕ್ತ ಬೇಕಾದರೆ ಆ ದಿನವೇ ಹಾಕಿಸಿ. ರಕ್ತಕ್ಕಾಗಿ ರೇಡಿಯೇಷನ್ ನಿಲ್ಲಿಸಬೇಕಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30. ಹೊರಗಿನದು, ಒಳಗಿನದು ಎರಡಕ್ಕೂ ಒಪ್ಪಿಗೆಯ ಅರ್ಜಿ ಆರಂಭದಲ್ಲೇ ಹಾಕಿಸಿ.

ಹೊಸ ಸುದ್ದಿಗಳೂ ಇವೆ. ರೇಡಿಯೇಷನ್ನಿಗೆ ಮುಂಚೆ ಆರು ವಾರ ವಾರಕ್ಕೊಂದು ಕೀಮೋ ಕೊಟ್ಟು, ತಡಮಾಡದೆ ರೇಡಿಯೇಷನ್ ಶುರು ಮಾಡಿದರೆ ಐದು ವರ್ಷ ಬದುಕುವವರ ಪ್ರಮಾಣ ಶೇ 72ರಿಂದ 80ಕ್ಕೆ ಏರುತ್ತದೆ ಎಂದು ಇಂಟರ್‌ಲೇಸ್ ಅಧ್ಯಯನ 2024ರಲ್ಲಿ ತೋರಿಸಿತು. ಅದರಲ್ಲಿ ಭಾರತದ ಮಹಿಳೆಯರೂ ಇದ್ದರು. ಬಳಸಿದ್ದು ಹಳೆಯ, ಅಗ್ಗದ ಔಷಧಗಳು ಎಂಬುದು ನನಗೆ ಸಂತೋಷದ ವಿಷಯ. ಎಲ್ಲರಿಗೂ ಅದು ತಡೆಯುವುದಿಲ್ಲ. ರಕ್ತಹೀನತೆ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಯೋಚಿಸಿ ಮಾಡಬೇಕು. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ದುಬಾರಿ ಇಂಜೆಕ್ಷನ್ ಪೆಂಬ್ರೊಲಿಝುಮಾಬ್ ಕೂಡ ಮುಂದುವರಿದ ಹಂತದಲ್ಲಿ ಫಲ ಕೊಟ್ಟಿದೆ. ಬೆಲೆಯೇ ಅದಕ್ಕೆ ಅಡ್ಡಿ. ಇವೆರಡರಲ್ಲಿ ಯಾವುದನ್ನು ಸೇರಿಸಿದರೂ ಐವತ್ತಾರು ದಿನದ ಗೆರೆ ಹಾಗೇ ಇರುತ್ತದೆ, ಎಣಿಕೆ ಶುರುವಾಗುವುದು ರೇಡಿಯೇಷನ್ನಿನ ಮೊದಲ ದಿನದಿಂದ.

ಚಿಕಿತ್ಸೆ ಮುಗಿದ ಮೇಲಿನ ಒಂದು ವಿಷಯವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೇಡಿಯೇಷನ್ನಿನಿಂದ ಯೋನಿ ಒಣಗಿ, ಗೋಡೆಗಳು ಅಂಟಿಕೊಂಡು ಕಿರಿದಾಗುತ್ತದೆ. ಹಾಗಾದರೆ ಗಂಡಹೆಂಡಿರ ಸಂಬಂಧಕ್ಕೆ ಮಾತ್ರ ತೊಂದರೆ ಎಂದುಕೊಳ್ಳಬೇಡಿ, ಮುಂದೆ ಪರೀಕ್ಷೆ ಮಾಡಿ ಕಾಯಿಲೆ ಮರಳಿದೆಯೇ ಎಂದು ನೋಡಲೂ ನಮಗೆ ದಾರಿ ಇರುವುದಿಲ್ಲ. ಮುಗಿದ ಕೆಲ ವಾರಗಳಿಂದಲೇ ಡೈಲೇಟರ್ ಎಂಬ ನಯವಾದ ಸಾಧನವನ್ನು ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ ಬಳಸಬೇಕು. ವಿಧವೆಯರೂ, ವಯಸ್ಸಾದವರೂ ಬಳಸಬೇಕು. ನಲವತ್ತರ ಒಳಗಿನವರಿಗೆ ಮುಟ್ಟು ನಿಂತು ಮೈಬಿಸಿ, ಮೂಳೆ ಸವೆತ ಶುರುವಾಗುತ್ತದೆ, ಅದಕ್ಕೆ ಔಷಧ ಇದೆ. ಇದನ್ನೆಲ್ಲ ಗಂಡಸರು ಹೊರಗೆ ಕೂತಾಗ ನರ್ಸ್ ಅಕ್ಕನ ಹತ್ತಿರ ಕೇಳಿ. ಅವರು ನಮಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ಮೊದಲ ದೊಡ್ಡ ತಪಾಸಣೆ ಮೂರು ತಿಂಗಳಿಗೆ. ಅದಕ್ಕಿಂತ ಮುಂಚೆ ಸ್ಕ್ಯಾನ್ ಮಾಡಿಸಿದರೆ ಆರುತ್ತಿರುವ ಗಾಯವೂ ಕಾಯಿಲೆಯಂತೆ ಕಂಡು ಸುಮ್ಮನೆ ನಿದ್ದೆ ಕೆಡುತ್ತದೆ. ಆಮೇಲೆ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಬರಬೇಕು. ಮಲದಲ್ಲೋ ಮೂತ್ರದಲ್ಲೋ ರಕ್ತ ಕಂಡರೆ ಆ ತಾರೀಕಿನವರೆಗೆ ಕಾಯದೆ, ರೇಡಿಯೇಷನ್ ಕೊಟ್ಟ ಜಾಗಕ್ಕೇ ಮೊದಲು ಬನ್ನಿ.